ಕಾಟೇಜ್ ಚೀಸ್ ತಿನ್ನುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಡಬ್ಬಿ ತಂದು, ಮುಚ್ಚಳ ತೆಗೆದು, ಒಂದು ಚಮಚ ಬಾಯಿಗಿಟ್ಟು, ‘ಸಪ್ಪೆ’ ಅಂತ ಮುಖ ಸಿಂಡರಿಸಿ ಫ್ರಿಜ್ಜಿನ ಹಿಂದಕ್ಕೆ ತಳ್ಳಿದವರು ಈ ಪ್ರಶ್ನೆಗಳನ್ನು ಕೇಳುತ್ತಾರೆ. ವರ್ಷಗಟ್ಟಲೆ ಇಷ್ಟಪಟ್ಟು ತಿಂದು, ದಿನಾ ಅದೇ ಬಟ್ಟಲು ನೋಡಿ ಬೇಸರ ಬಂದವರೂ ಕೇಳುತ್ತಾರೆ. ಇಬ್ಬರಿಗೂ ನಾನು ಮೊದಲು ಹೇಳುವ ಮಾತು ಒಂದೇ: ಚೀಸಿನ ಬಿಳಿ ಹರಳನ್ನು ಹಾಗೇ ಉಳಿಸಿಕೊಳ್ಳುತ್ತೀರೋ, ನುಣ್ಣಗೆ ಅರೆದುಬಿಡುತ್ತೀರೋ, ಅದನ್ನು ತೀರ್ಮಾನಿಸಿ. ಮಿಕ್ಕಿದ್ದೆಲ್ಲ ಆಮೇಲೆ. ಅರ್ಧಂಬರ್ಧ ಹಿಸುಕಿದ ಕಾಟೇಜ್ ಚೀಸ್ ಯಾವ ಅಡುಗೆಗೂ ಒಗ್ಗುವುದಿಲ್ಲ.

ಕಾಟೇಜ್ ಚೀಸ್ ಅಂದರೆ ಪನೀರ್ ತಾನೇ?

ಅಲ್ಲ. ಪನೀರಿಗೆ ಇಂಗ್ಲಿಷಿನಲ್ಲಿ ಕಾಟೇಜ್ ಚೀಸ್ ಅಂತ ಬರೆಯುವ ರೂಢಿ ಇರುವುದರಿಂದ ಈ ಗೊಂದಲ. ಪನೀರ್ ಮಾಡುವಾಗ ಕುದಿಯುವ ಹಾಲಿಗೆ ಹುಳಿ ಹಿಂಡಿ ಒಡೆಸಿ, ನೀರು ಬಸಿದು, ಭಾರ ಹೇರಿ ಗಟ್ಟಿ ಮಾಡುತ್ತೇವೆ. ಕಾಟೇಜ್ ಚೀಸಿನ ದಾರಿಯೇ ಬೇರೆ. ಕೆನೆ ತೆಗೆದ ಹಾಲಿಗೆ ಹೆಪ್ಪು ಹಾಕಿ, ಅದು ನಿಧಾನವಾಗಿ ಹುಳಿಯಾಗಿ ಗಟ್ಟಿಯಾದ ಮೇಲೆ ಚಾಕುವಿನಿಂದ ಚೌಕ ಚೌಕವಾಗಿ ಕತ್ತರಿಸಿ, ಸಣ್ಣ ಉರಿಯಲ್ಲಿ ಕಾಯಿಸಿ, ತಿಳಿನೀರು ಬಸಿದು, ಹರಳನ್ನು ತಣ್ಣೀರಿನಲ್ಲಿ ತೊಳೆಯುತ್ತಾರೆ. ಕೊನೆಗೆ ಉಪ್ಪು ಬೆರೆಸಿ, ಮೇಲೆ ಕೆನೆ ಹಾಕಿ ಕಲಸುತ್ತಾರೆ. ಒತ್ತುವುದೂ ಇಲ್ಲ, ಹಣ್ಣಾಗಲು ಇಡುವುದೂ ಇಲ್ಲ. ಅದಕ್ಕೇ ಅದು ಕೆನೆಯಲ್ಲಿ ತೇಲುವ ಬಿಳಿ ಹರಳಿನ ರಾಶಿಯ ಹಾಗೆ ಕಾಣುತ್ತದೆ. ಪನೀರಿನ ಹಾಗೆ ತುಂಡು ಮಾಡಿ ಹುರಿಯಲು ಹೋದರೆ ಬಾಣಲೆ ತುಂಬ ನೀರು ನಿಲ್ಲುತ್ತದೆ, ಅಷ್ಟೇ.

ರಿಕೋಟಾ ಎಂಬ ಇಟಲಿಯ ಮೆತ್ತನೆಯ ಚೀಸ್ ಕೂಡ ಬೇರೆ. ಅದನ್ನು ಮೂಲತಃ ಚೀಸ್ ಮಾಡಿ ಉಳಿದ ತಿಳಿನೀರನ್ನೇ ಮತ್ತೆ ಕಾಯಿಸಿ ತೆಗೆಯುತ್ತಾರೆ.

ಅಂಗಡಿಯಲ್ಲಿ ಸಣ್ಣ ಹರಳು, ದೊಡ್ಡ ಹರಳು, 2%, 4% ಅಂತ ನಾಲ್ಕಾರು ಬಗೆ ಇರುತ್ತವೆ. ಯಾವುದು ತಗೊಳ್ಳಲಿ?

ಹರಳಿನ ಗಾತ್ರ ಹಾಲನ್ನು ಎಷ್ಟು ದಪ್ಪಕ್ಕೆ ಕತ್ತರಿಸಿದರು ಎಂಬುದರಿಂದ ಬರುತ್ತದೆ. ದೊಡ್ಡ ಹರಳಿನದಕ್ಕೆ ಸಾಮಾನ್ಯವಾಗಿ ರೆನೆಟ್ (ಹಾಲನ್ನು ಗಟ್ಟಿ ಮಾಡುವ ಕಿಣ್ವ) ಕೂಡ ಸೇರಿಸುತ್ತಾರೆ. ಹಾಗಾಗಿ ಅದು ಹೆಚ್ಚು ಬಿಗಿ, ಹುಳಿ ಕಡಿಮೆ. ಸಣ್ಣ ಹರಳು ಮೆತ್ತಗೆ, ಸ್ವಲ್ಪ ಹುಳಿ. ತರಕಾರಿ, ಹಣ್ಣಿನ ಜೊತೆ ತಿನ್ನಲು ನನಗೆ ದೊಡ್ಡ ಹರಳೇ ಇಷ್ಟ, ಹಲ್ಲಿಗೆ ಸಿಗುತ್ತದೆ. ಬ್ರೆಡ್ಡಿಗೆ ಹಚ್ಚಲು, ಹಿಟ್ಟಿಗೆ ಕಲಸಲು ಸಣ್ಣ ಹರಳು ಒಳ್ಳೆಯದು. ಅರೆಯುವುದಾದರೆ ಯಾವುದಾದರೂ ಸರಿ.

ಕೊಬ್ಬಿನ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ: 4% ತಗೊಳ್ಳಿ. ಹರಳಿನೊಳಗೆ ಕೊಬ್ಬು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆ 4% ಬರುವುದೆಲ್ಲ ಮೇಲಿನ ಕೆನೆಯಿಂದ. ಅದನ್ನು ತೆಗೆದುಬಿಟ್ಟರೆ ರುಚಿಯೂ ಹೋದ ಹಾಗೆ. ಕೊಬ್ಬಿಲ್ಲದ ಡಬ್ಬಿಯಲ್ಲಿ ಆ ಜಾಗಕ್ಕೆ ಅಂಟು, ಗಂಜಿಹಿಟ್ಟು ಸೇರಿಸಿರುವುದು ಹೆಚ್ಚು. ಡಬ್ಬಿಯ ಹಿಂದಿನ ಪಟ್ಟಿ ಓದಿ. ಹಾಲು, ಕೆನೆ, ಉಪ್ಪು, ಹೆಪ್ಪಿನ ಬ್ಯಾಕ್ಟೀರಿಯಾ, ಬೇಕಿದ್ದರೆ ರೆನೆಟ್, ಇಷ್ಟಕ್ಕೇ ಮುಗಿದರೆ ಒಳ್ಳೆಯ ಡಬ್ಬಿ.

ಮೊದಲ ಸಲ ತಿನ್ನುತ್ತಿದ್ದೇನೆ. ಹೇಗೆ ತಿಂದರೆ ಇಷ್ಟವಾಗುತ್ತದೆ?

ಟೊಮೆಟೊ, ಕಾಳುಮೆಣಸು. ಇದಕ್ಕಿಂತ ಒಳ್ಳೆಯ ಆರಂಭ ನನಗೆ ಗೊತ್ತಿಲ್ಲ.

ಚೆನ್ನಾಗಿ ಹಣ್ಣಾದ ಒಂದು ಟೊಮೆಟೊವನ್ನು ದಪ್ಪ ಹೋಳು ಮಾಡಿ ತಟ್ಟೆಯಲ್ಲಿ ಹರಡಿ. ಟೊಮೆಟೊ ಫ್ರಿಜ್ಜಿನಿಂದ ಬಂದಿರಬಾರದು, ಕಾಟೇಜ್ ಚೀಸ್ ಫ್ರಿಜ್ಜಿನಿಂದಲೇ ಬರಬೇಕು. ಹೋಳಿನ ಮೇಲೆ ಚಿಟಿಕೆ ಉಪ್ಪು ಉದುರಿಸಿ ಐದು ನಿಮಿಷ ಬಿಡಿ, ರಸ ಮೇಲೆ ಬರುತ್ತದೆ. ಆಮೇಲೆ ಮಧ್ಯಕ್ಕೆ ಮೂರು ನಾಲ್ಕು ಚಮಚ ಕಾಟೇಜ್ ಚೀಸ್ ಹಾಕಿ. ಮೆಣಸನ್ನು ಆಗಲೇ ಕುಟ್ಟಿ, ತರಿತರಿಯಾಗಿ, ಧಾರಾಳವಾಗಿ ಹಾಕಿ. ಡಬ್ಬಿಯಲ್ಲಿ ಕೂತ ಹಳೆಯ ಮೆಣಸಿನ ಪುಡಿಗೆ ಆ ಘಾಟು ಇರುವುದಿಲ್ಲ. ಮೇಲೊಂದು ಚಮಚ ಆಲಿವ್ ಎಣ್ಣೆ.

ಎರಡು ನಿಮಿಷದಲ್ಲಿ ಟೊಮೆಟೊ ರಸ ಕೆನೆಯೊಳಗೆ ಹರಿದು ಅಂಚು ತಿಳಿ ಗುಲಾಬಿಗೆ ತಿರುಗುತ್ತದೆ. ಆ ಗುಲಾಬಿ ರಸವೇ ಈ ತಿನಿಸಿನ ಜೀವ. ತಟ್ಟೆಯನ್ನು ಕೊಂಚ ವಾಲಿಸಿ, ಚಮಚದ ತುದಿಯಿಂದ ಅದನ್ನು ಎಳೆದು ತಿನ್ನಿ. ತಣ್ಣನೆಯ ಹರಳು, ಬೆಚ್ಚಗಿನ ಹಣ್ಣು, ಹುಳಿ, ಉಪ್ಪು, ಮೆಣಸಿನ ಚುರುಕು ಎಲ್ಲ ಒಂದೇ ತುತ್ತಿಗೆ ಸಿಗುತ್ತವೆ. ‘ಸಪ್ಪೆ’ ಎಂಬ ದೂರು ಅಲ್ಲಿಗೆ ಮುಗಿಯುತ್ತದೆ.

ಟೊಮೆಟೊ ಬದಲು ಸೌತೆಕಾಯಿ, ಮೂಲಂಗಿ, ಈರುಳ್ಳಿ ಸೊಪ್ಪು, ಸಬ್ಬಸಿಗೆ ಸೊಪ್ಪು ಕೂಡ ಚೆನ್ನಾಗಿ ಹೊಂದುತ್ತವೆ. ಆದರೆ ಸೌತೆಕಾಯಿ ನೀರು ಬಿಡುತ್ತದೆ. ಹೆಚ್ಚಿ ಉಪ್ಪು ಹಾಕಿ ಹತ್ತು ನಿಮಿಷ ಇಟ್ಟು ಹಿಂಡಿ ಸೇರಿಸಿ. ಯಾವುದನ್ನೇ ಬೆರೆಸಿದರೂ ತಿನ್ನುವ ಹೊತ್ತಿಗೆ ಬೆರೆಸಿ. ಬೆಳಿಗ್ಗೆ ಕಲಸಿಟ್ಟು ಮಧ್ಯಾಹ್ನ ತಿಂದರೆ ಬಟ್ಟಲಲ್ಲಿ ಅರ್ಧ ನೀರೇ ಇರುತ್ತದೆ.

ಹಣ್ಣಿನ ಜೊತೆ ತಿನ್ನುವುದಾದರೆ ಯಾವ ಹಣ್ಣು?

ಪೀಚ್, ಪೇರಳೆ, ಸ್ಟ್ರಾಬೆರಿ, ದ್ರಾಕ್ಷಿ, ಕರಬೂಜ, ಮಾಗಿದ ಅಂಜೂರ. ಹಣ್ಣು ಸಿಹಿಯಾಗಿದ್ದಷ್ಟೂ ಚೀಸಿನ ಉಪ್ಪು ಎದ್ದು ಬರುತ್ತದೆ. ಕರಬೂಜವನ್ನು ಅರ್ಧ ಸೀಳಿ, ಬೀಜ ತೆಗೆದು, ಆ ಗುಳಿಯಲ್ಲೇ ಕಾಟೇಜ್ ಚೀಸ್ ತುಂಬಿ ಚಮಚ ಹಾಕಿ ಕೊಟ್ಟರೆ ಪಾತ್ರೆಯ ಹಂಗೇ ಇಲ್ಲ.

ಹಳೆಯ, ಎಲ್ಲರಿಗೂ ಗೊತ್ತಿರುವ ಜೋಡಿ ಅನಾನಸ್. ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್ ರಾಜೀನಾಮೆ ಘೋಷಿಸಿದ 1974ರ ಆಗಸ್ಟ್ 8ರಂದು ಶ್ವೇತಭವನದಲ್ಲಿ ಉಂಡ ಮಧ್ಯಾಹ್ನದ ಊಟದ ಫೋಟೊ ಇದೆ: ಅನಾನಸ್ ಬಿಲ್ಲೆಗಳು, ಮೇಲೆ ಕಾಟೇಜ್ ಚೀಸ್, ಪಕ್ಕದಲ್ಲಿ ಒಂದು ಲೋಟ ಹಾಲು.

ಆದರೆ ಅನಾನಸ್ ವಿಷಯದಲ್ಲಿ ಒಂದು ಎಚ್ಚರಿಕೆ. ಹಸಿ ಅನಾನಸ್ಸಿನಲ್ಲಿ ಬ್ರೊಮೆಲಿನ್ ಎಂಬ ಕಿಣ್ವ ಇದೆ. ಅದು ಹಾಲಿನ ಪ್ರೋಟೀನನ್ನು ಚೂರು ಚೂರು ಮಾಡುತ್ತದೆ, ಆ ಚೂರುಗಳು ಕಹಿ. ನನಗೆ ಇದು ಗೊತ್ತಾಗಿದ್ದು ಬುತ್ತಿ ಕಟ್ಟಿಕೊಂಡು ಹೋದ ದಿನ. ರಾತ್ರಿಯೇ ತಾಜಾ ಅನಾನಸ್ ಹೆಚ್ಚಿ, ಕಾಟೇಜ್ ಚೀಸಿಗೆ ಬೆರೆಸಿ ಡಬ್ಬಿ ತುಂಬಿಟ್ಟಿದ್ದೆ. ಮರುದಿನ ಮಧ್ಯಾಹ್ನ ತೆರೆದರೆ ಹರಳೆಲ್ಲ ಕರಗಿ ತೆಳ್ಳಗಾಗಿತ್ತು. ಬಾಯಿಗಿಟ್ಟರೆ ಮಾತ್ರೆ ಅಗಿದ ಹಾಗೆ ಕಹಿ. ಚೀಸ್ ಕೆಟ್ಟಿರಬೇಕು ಅಂದುಕೊಂಡು ಚೆಲ್ಲಿದೆ, ಕೆಟ್ಟಿರಲಿಲ್ಲ. ಕಿವಿ ಹಣ್ಣು, ಪಪ್ಪಾಯಿಗಳಲ್ಲೂ ಇಂಥದೇ ಕಿಣ್ವಗಳಿವೆ. ಈ ಮೂರನ್ನು ತಾಜಾ ಬಳಸುವುದಾದರೆ ಬೆರೆಸಿದ ಕೂಡಲೇ ತಿನ್ನಿ. ಡಬ್ಬದ ಅನಾನಸ್ಸಿಗೆ ಈ ತೊಂದರೆ ಇಲ್ಲ, ಕಾಯಿಸಿ ತುಂಬುವಾಗಲೇ ಕಿಣ್ವ ಸತ್ತಿರುತ್ತದೆ. ತಾಜಾ ಹೋಳನ್ನೇ ಬಾಣಲೆಯಲ್ಲಿ ಎರಡೂ ಬದಿ ಕಂದುಬಣ್ಣ ಬರುವವರೆಗೆ, ಒಳಗಿನವರೆಗೂ ಬಿಸಿಯಾಗುವಂತೆ ಸುಟ್ಟು ಆರಿಸಿ ಹಾಕಿದರಂತೂ ಇನ್ನೂ ರುಚಿ.

ಹಣ್ಣು ಇಲ್ಲದಿದ್ದರೆ?

ಜೇನುತುಪ್ಪ, ಹುರಿದ ಬಾದಾಮಿ ಅಥವಾ ಅಕ್ರೋಟು, ಚಿಟಿಕೆ ದಾಲ್ಚಿನ್ನಿ. ಅಥವಾ ಯಾವುದಾದರೂ ಹುಳಿ ಜಾಮ್ ಒಂದು ಚಮಚ. ಜಾಮನ್ನು ಕಲಸಬೇಡಿ, ಪಕ್ಕದಲ್ಲಿ ಇರಲಿ.

ನನಗೆ ಆ ಹರಳು ಹರಳಾಗಿರುವುದೇ ಬಾಯಿಗೆ ಆಗುವುದಿಲ್ಲ. ಏನು ಮಾಡಲಿ?

ಬಹಳ ಜನರ ತೊಂದರೆ ಇದೇ, ಇದಕ್ಕೆ ಸುಲಭದ ಪರಿಹಾರವೂ ಇದೆ. ಮಿಕ್ಸಿಗೆ ಹಾಕಿ. ಮೂವತ್ತು ಸೆಕೆಂಡಿಗೆ ತರಿತರಿ, ಒಂದು ನಿಮಿಷಕ್ಕೆ ನಯ, ಎರಡು ನಿಮಿಷಕ್ಕೆ ಹೊಳಪು. ಮಧ್ಯೆ ಒಮ್ಮೆ ನಿಲ್ಲಿಸಿ ಜಾರಿನ ಗೋಡೆಗೆ ಅಂಟಿದ್ದನ್ನು ಕೆಳಗೆ ಎಳೆದುಕೊಳ್ಳಿ. ಬೆರಳ ತುದಿಯಲ್ಲಿ ಉಜ್ಜಿ ನೋಡಿ, ಒಂದು ಕಣವೂ ಸಿಗಬಾರದು. ಬಹಳ ಮಂದಿ ಮೂವತ್ತು ಸೆಕೆಂಡಿಗೇ ನಿಲ್ಲಿಸಿ, ‘ಅರೆದರೂ ಅಷ್ಟೇ’ ಅಂತ ಕೈಬಿಡುತ್ತಾರೆ. ಅವರು ಇನ್ನೊಂದೂವರೆ ನಿಮಿಷ ತಾಳಿದ್ದರೆ ಸಾಕಿತ್ತು.

ಹೀಗೆ ಅರೆದದ್ದು ಬೇರೆಯೇ ಪದಾರ್ಥ. ಒಂದು ಎಸಳು ಬೆಳ್ಳುಳ್ಳಿ, ನಿಂಬೆರಸ, ಸೊಪ್ಪು ಸೇರಿಸಿ ಅರೆದರೆ ಹಸಿ ತರಕಾರಿ ಅದ್ದಿಕೊಂಡು ತಿನ್ನಲು ಆಗುತ್ತದೆ. ಸ್ವಲ್ಪ ಹಾಲು ಹಾಕಿ ತೆಳ್ಳಗೆ ಮಾಡಿದರೆ ಸಲಾಡಿನ ಮೇಲೆ ಸುರಿಯಬಹುದು. ಸುಟ್ಟು ಸಿಪ್ಪೆ ಸುಲಿದ ಕೆಂಪು ದೊಣ್ಣೆಮೆಣಸಿನಕಾಯಿ ಹಾಕಿ ಅರೆದರೆ ಪಾಸ್ತಾಗೆ ಸೊಗಸಾದ ಸಾಸ್. ಈ ಕೊನೆಯದನ್ನು ಒಲೆಯ ಮೇಲೆ ಕುದಿಸಬೇಡಿ. ಬಿಸಿ ಪಾಸ್ತಾವನ್ನು ಬಸಿದು, ಒಲೆ ಆರಿಸಿ, ಸಾಸ್ ಹಾಕಿ, ಪಾಸ್ತಾ ಬೆಂದ ನೀರು ಎರಡು ಚಮಚ ಸೇರಿಸಿ ತಿರುವಿ. ಪಾಸ್ತಾದ ಬಿಸಿಯೇ ಸಾಕು.

ಬ್ರೆಡ್ ಮೇಲೆ ಹಾಕಿದರೆ ಬ್ರೆಡ್ ನೆನೆದು ಮುದ್ದೆಯಾಗುತ್ತದೆ.

ಕಾಟೇಜ್ ಚೀಸನ್ನು ಸಣ್ಣ ಜರಡಿಯಲ್ಲಿ ಹಾಕಿ, ಬಟ್ಟಲ ಮೇಲೆ ಕೂರಿಸಿ, ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಕೆಳಗೆ ಇಳಿದ ನೀರನ್ನು ಚೆಲ್ಲದೆ ಹಿಟ್ಟು ಕಲಸಲು ಬಳಸಿ. ಬ್ರೆಡ್ಡನ್ನು ಗರಿಗರಿಯಾಗಿ, ನೀವು ಅಂದುಕೊಂಡಿದ್ದಕ್ಕಿಂತ ಒಂದು ಹದ ಹೆಚ್ಚೇ ಸುಟ್ಟು, ಬಿಸಿ ಇರುವಾಗ ತೆಳ್ಳಗೆ ಬೆಣ್ಣೆ ಸವರಿ. ಬೆಣ್ಣೆ ನೀರನ್ನು ಒಳಗೆ ಬಿಡುವುದಿಲ್ಲ. ಮೇಲೆ ಬಸಿದ ಕಾಟೇಜ್ ಚೀಸ್, ಅದರ ಮೇಲೆ ಬೆಣ್ಣೆಹಣ್ಣು, ಬೇಯಿಸಿದ ಮೊಟ್ಟೆ, ಟೊಮೆಟೊ, ಇಲ್ಲವೇ ಜೇನು. ನಿಂತಲ್ಲೇ ತಿನ್ನುವಂಥದ್ದು.

ಬಿಸಿ ಮಾಡಿದರೆ ಕರಗುತ್ತದೆಯೇ?

ಬೇರೆ ಚೀಸಿನ ಹಾಗೆ ನೂಲು ನೂಲಾಗಿ ಕರಗುವುದಿಲ್ಲ. ಹುಳಿಯಿಂದ ಗಟ್ಟಿಯಾದ ಪ್ರೋಟೀನು ಬಿಸಿಗೆ ಸಡಿಲವಾಗುವ ಬದಲು ಇನ್ನೂ ಬಿಗಿದುಕೊಂಡು ಒಳಗಿನ ನೀರನ್ನು ಹಿಂಡಿ ಹೊರಹಾಕುತ್ತದೆ. ಪಿಜ್ಜಾದ ಮೇಲೆ ಮೊಜರೆಲ್ಲಾ ಬದಲು ಹಾಕಿದವರಿಗೆ ಅದಕ್ಕೇ ನಿರಾಸೆ. ಮೊಟ್ಟೆ, ಹಿಟ್ಟು, ಪಾಸ್ತಾಗಳಂಥ ನೀರು ಹೀರುವ ಜೊತೆಗಾರ ಇದ್ದಾಗ ಮಾತ್ರ ಬಿಸಿ ಅಡುಗೆಯಲ್ಲಿ ಅದು ಚೆನ್ನಾಗಿ ನಡೆದುಕೊಳ್ಳುತ್ತದೆ. ಲಸಾನ್ಯ ಎಂಬ ಪಾಸ್ತಾ ಅಡುಗೆಯ ಪದರಗಳ ಮಧ್ಯೆ ರಿಕೋಟಾ ಬದಲು ಒಂದು ಮೊಟ್ಟೆ ಬೆರೆಸಿ ಹಾಕಿ, ನೀರಾಗುವುದಿಲ್ಲ.

ಮೊಟ್ಟೆ ಕಲಕಿ ಬೇಯಿಸುವಾಗ ಕೊನೆಯ ಅರ್ಧ ನಿಮಿಷದಲ್ಲಿ ಎರಡು ಚಮಚ ಹಾಕಿ ಇಳಿಸಿದರೆ ಮೊಟ್ಟೆ ಒಣಗುವುದಿಲ್ಲ. ಪ್ಯಾನ್‌ಕೇಕಿಗೆ ಒಂದು ಕಪ್ ಕಾಟೇಜ್ ಚೀಸ್, ಮೂರು ಮೊಟ್ಟೆ, ಅರ್ಧ ಕಪ್ ಓಟ್ಸ್, ಚಿಟಿಕೆ ಉಪ್ಪು ಸೇರಿಸಿ ಅರೆದು, ಹತ್ತು ನಿಮಿಷ ಬಿಟ್ಟು, ಸಣ್ಣ ಉರಿಯಲ್ಲಿ ಚಿಕ್ಕ ಚಿಕ್ಕದಾಗಿ ಹಾಕಿ. ದೊಡ್ಡದು ಹಾಕಿದರೆ ತಿರುವುವಾಗ ಹರಿಯುತ್ತದೆ.

ಮೊಬೈಲ್ ತೆರೆದರೆ ಕಾಟೇಜ್ ಚೀಸಿನ ರೊಟ್ಟಿ, ಐಸ್‌ಕ್ರೀಂ ವಿಡಿಯೊಗಳೇ. ನಿಜವಾಗಿ ಚೆನ್ನಾಗಿರುತ್ತವೆಯೇ?

2023ರಲ್ಲಿ ಟಿಕ್‌ಟಾಕ್‌ನಲ್ಲಿ ಇವು ಹಬ್ಬಿದವು. ಹಾಗೆ ನೋಡಿದರೆ ಕಾಟೇಜ್ ಚೀಸಿಗೆ ಇಂಥ ಏಳುಬೀಳು ಹೊಸತಲ್ಲ. ಮೊದಲ ಮಹಾಯುದ್ಧದ ಕಾಲಕ್ಕೆ, 1918ರ ಹೊತ್ತಿಗೆ, ಮಾಂಸ ಉಳಿಸಿ ಇದನ್ನು ತಿನ್ನಿ ಎಂದು ಅಮೆರಿಕದ ಕೃಷಿ ಇಲಾಖೆ ಪೋಸ್ಟರು ಅಂಟಿಸಿತ್ತು, ಅಡುಗೆ ವಿಧಾನಗಳನ್ನೂ ಹಂಚಿತ್ತು. 1970ರ ದಶಕದಲ್ಲಿ ಅಲ್ಲಿ ಡಯಟ್ ಮಾಡುವವರ ತಟ್ಟೆಯಲ್ಲೆಲ್ಲ ಅದೇ. ಆಮೇಲೆ ಯೋಗರ್ಟ್ ಬಂದು ಅದನ್ನು ಹಿಂದಕ್ಕೆ ಸರಿಸಿತು.

ರೊಟ್ಟಿ ಚೆನ್ನಾಗಿರುತ್ತದೆ. ಒಂದು ಕಪ್ ಕಾಟೇಜ್ ಚೀಸಿಗೆ ಒಂದು ದೊಡ್ಡ ಮೊಟ್ಟೆ ಹಾಕಿ ನುಣ್ಣಗೆ ಅರೆದು, ಬೇಕಿಂಗ್ ಕಾಗದದ ಮೇಲೆ ತೆಳ್ಳಗೆ ಹರಡಿ, 180 ಡಿಗ್ರಿ ಸೆಲ್ಸಿಯಸ್‌ನಲ್ಲಿ 35ರಿಂದ 40 ನಿಮಿಷ ಬೇಯಿಸಿ. ಅಂಚು ಕಂದಾಗಿ, ನಡುವೆ ಬೆರಳಿಟ್ಟರೆ ಅಂಟದ ಹಾಗಿದ್ದರೆ ಆಯಿತು. ಪೂರ್ತಿ ಆರುವ ಮೊದಲು ಕಾಗದ ಬಿಡಿಸಲು ಹೋಗಬೇಡಿ, ಹರಿಯುತ್ತದೆ. ಇದನ್ನು ರೊಟ್ಟಿ ಅನ್ನುವುದಕ್ಕಿಂತ ದಪ್ಪ ಆಮ್ಲೆಟ್ ಅಂದುಕೊಂಡು ತಿಂದರೆ ಖುಷಿಯಾಗುತ್ತದೆ.

ಐಸ್‌ಕ್ರೀಂ ನನಗೆ ಅಷ್ಟಾಗಿ ಹಿಡಿಸಲಿಲ್ಲ. ಕೊಬ್ಬು, ಸಕ್ಕರೆ ಎರಡೂ ಕಡಿಮೆ ಇರುವುದರಿಂದ ಕಲ್ಲಿನ ಹಾಗೆ ಹೆಪ್ಪುಗಟ್ಟುತ್ತದೆ. ಮಾಡಲೇಬೇಕೆಂದರೆ ಜೇನು, ಹಣ್ಣು ಧಾರಾಳವಾಗಿ ಹಾಕಿ ಅರೆಯಿರಿ, ತಿನ್ನುವ ಹದಿನೈದು ನಿಮಿಷ ಮೊದಲು ಹೊರಗಿಡಿ. ಅದೇ ಮಿಶ್ರಣವನ್ನು ಫ್ರೀಜರಿಗೆ ಹಾಕದೆ ಫ್ರಿಜ್ಜಿನಲ್ಲಿ ಎರಡು ಗಂಟೆ ತಣಿಸಿ ತಿಂದರೆ ಚೀಸ್‌ಕೇಕಿನ ಒಳಭಾಗದ ಹಾಗಿರುತ್ತದೆ. ನನ್ನ ಮತ ಅದಕ್ಕೇ.

ಪ್ರೋಟೀನಿಗಾಗಿ ತಿನ್ನುತ್ತಿದ್ದೇನೆ. ಎಷ್ಟು ಸಿಗುತ್ತದೆ?

4% ಕೊಬ್ಬಿನದರಲ್ಲಿ 100 ಗ್ರಾಂಗೆ ಸುಮಾರು 11 ಗ್ರಾಂ ಪ್ರೋಟೀನ್, 4 ಗ್ರಾಂ ಕೊಬ್ಬು, 3 ಗ್ರಾಂ ಕಾರ್ಬೋಹೈಡ್ರೇಟ್, 100ಕ್ಕೆ ತುಸು ಕಡಿಮೆ ಕ್ಯಾಲೊರಿ. ಪ್ರೋಟೀನಿನ ಬಹುಪಾಲು ಕೇಸಿನ್, ಅದು ನಿಧಾನವಾಗಿ ಜೀರ್ಣವಾಗುತ್ತದೆ.

ಯಾರೂ ಹೇಳದ ಎರಡು ವಿಷಯ ಗಮನದಲ್ಲಿರಲಿ. ಒಂದು, ಉಪ್ಪು. 100 ಗ್ರಾಂನಲ್ಲಿ 300ರಿಂದ 400 ಮಿಲಿಗ್ರಾಂ ಸೋಡಿಯಂ ಇರುವುದು ಸಾಮಾನ್ಯ. ವಯಸ್ಕರಿಗೆ ದಿನಕ್ಕೆ 2,000 ಮಿಲಿಗ್ರಾಂಗಿಂತ ಕಡಿಮೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ದಿನಾ ದೊಡ್ಡ ಬಟ್ಟಲು ತಿನ್ನುವವರು, ಬಿಪಿ ಇರುವವರು ಉಪ್ಪು ಕಡಿಮೆ ಇರುವ ಡಬ್ಬಿ ಹುಡುಕಿ. ಎರಡು, ಕ್ಯಾಲ್ಸಿಯಂ. ಚೀಸ್ ಅಂದಮೇಲೆ ಕ್ಯಾಲ್ಸಿಯಂ ಧಾರಾಳ ಅಂದುಕೊಳ್ಳುತ್ತೇವೆ. ಚೆಡ್ಡಾರ್ ಚೀಸಿನಲ್ಲಿ 100 ಗ್ರಾಂಗೆ ಸುಮಾರು 700 ಮಿಲಿಗ್ರಾಂ ಇದ್ದರೆ ಇದರಲ್ಲಿ 80ರ ಆಸುಪಾಸು. ಹುಳಿಯಾಗುವಾಗ ಕ್ಯಾಲ್ಸಿಯಂ ಕರಗಿ ತಿಳಿನೀರಿನ ಜೊತೆ ಹೊರಟುಹೋಗುತ್ತದೆ.

ಹಾಲು ನನಗೆ ಆಗುವುದಿಲ್ಲ. ಇದು ಆಗುತ್ತದೆಯೇ?

ಹಾಲಿನಲ್ಲಿ 100 ಗ್ರಾಂಗೆ ಸುಮಾರು 5 ಗ್ರಾಂ ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಇದ್ದರೆ ಇದರಲ್ಲಿ 3 ಗ್ರಾಂ ಹತ್ತಿರ. ಕಡಿಮೆ ನಿಜ, ಇಲ್ಲವೆಂದಲ್ಲ. ಹೊಟ್ಟೆ ತಡೆಯುತ್ತದೋ ನೋಡಲು ಎರಡು ಚಮಚದಿಂದ ಶುರುಮಾಡಿ, ಅಥವಾ ಲ್ಯಾಕ್ಟೋಸ್ ತೆಗೆದ ಡಬ್ಬಿ ತನ್ನಿ. ಹಾಲಿನ ಪ್ರೋಟೀನಿಗೇ ಅಲರ್ಜಿ ಇರುವವರು ಮಾತ್ರ ಇದನ್ನು ಮುಟ್ಟಲೇಬಾರದು.

ಮೇಲೆ ನೀರು ನಿಂತಿದೆ. ಕೆಟ್ಟಿದೆಯೇ?

ಇಲ್ಲ, ಅದು ತಿಳಿನೀರು. ಕಲಕಿ ತಿನ್ನಿ. ಕೆಟ್ಟಿದ್ದರೆ ವಾಸನೆ ಹೇಳುತ್ತದೆ: ಹಿತವಾದ ಹುಳಿಯ ಬದಲು ಮೂಗಿಗೆ ಹೊಡೆಯುವ ಘಾಟು, ಹಳದಿ ಬಣ್ಣ, ಲೋಳೆ. ಬೂಸು ಒಂದೇ ಚುಕ್ಕೆ ಕಂಡರೂ ಪೂರ್ತಿ ಡಬ್ಬಿ ಚೆಲ್ಲಿ. ಗಟ್ಟಿ ಚೀಸಿನ ಹಾಗೆ ಅಷ್ಟನ್ನೇ ಕೆತ್ತಿ ತೆಗೆದು ಮಿಕ್ಕಿದ್ದು ತಿನ್ನುವ ಹಾಗಿಲ್ಲ, ಒದ್ದೆ ಇರುವುದರಿಂದ ಬೂಸು ಕಣ್ಣಿಗೆ ಕಾಣದಂತೆ ಒಳಗೆ ಇಳಿದಿರುತ್ತದೆ.

ತೆರೆದ ಡಬ್ಬಿಯನ್ನು 4 ಡಿಗ್ರಿಯ ಆಸುಪಾಸಿನಲ್ಲಿಟ್ಟು ಒಂದು ವಾರದೊಳಗೆ ಮುಗಿಸಿ. ಫ್ರಿಜ್ಜಿನ ಬಾಗಿಲಿನಲ್ಲಿ ಇಡಬೇಡಿ, ಅಲ್ಲಿ ತಂಪು ಏರಿಳಿಯುತ್ತದೆ. ಎಂಜಲು ಚಮಚ ಅದ್ದಬೇಡಿ. ಎರಡು ಗಂಟೆಗಿಂತ ಹೆಚ್ಚು ಹೊರಗೆ ಇದ್ದದ್ದನ್ನು ಉಳಿಸಬೇಡಿ. ಫ್ರೀಜರಿಗೆ ಹಾಕಿದರೆ ಕರಗಿಸಿದಾಗ ಮರಳು ಮರಳಾಗಿ ನೀರು ಬಿಡುತ್ತದೆ, ಹಾಗೇ ತಿನ್ನಲು ಆಗದು, ಪ್ಯಾನ್‌ಕೇಕಿಗೋ ಲಸಾನ್ಯಕ್ಕೋ ಆದೀತು. ಗರ್ಭಿಣಿಯರು ಪಾಶ್ಚರೀಕರಿಸಿದ ಹಾಲಿನದೇ ಎಂದು ಡಬ್ಬಿಯ ಮೇಲೆ ಓದಿ ಖಚಿತಪಡಿಸಿಕೊಂಡು ತಿನ್ನಿ.

ಮನೆಯಲ್ಲೇ ಮಾಡಬಹುದೇ?

ಮಾಡಬಹುದು, ತಾಳ್ಮೆ ಬೇಕು. ಎರಡು ಲೀಟರ್ ಕೆನೆ ತೆಗೆದ, ಪಾಶ್ಚರೀಕರಿಸಿದ ಹಾಲು ತಗೊಳ್ಳಿ. ಯುಎಚ್‌ಟಿ ಪೊಟ್ಟಣದ ಹಾಲು (ತುಂಬ ಹೆಚ್ಚು ಶಾಖಕ್ಕೆ ಕಾಯಿಸಿ ತುಂಬಿದ್ದು) ಬೇಡ, ಅದು ಗಟ್ಟಿಯಾಗಿ ಕೂರುವುದಿಲ್ಲ. ಉಗುರುಬೆಚ್ಚಗೆ ಮಾಡಿ, ಜೀವಂತ ಬ್ಯಾಕ್ಟೀರಿಯಾ ಇರುವ ಕಲ್ಚರ್ಡ್ ಬಟರ್‌ಮಿಲ್ಕ್ ಅರ್ಧ ಕಪ್ ಬೆರೆಸಿ, ಮುಚ್ಚಿ, 22 ಡಿಗ್ರಿ ಆಸುಪಾಸಿನ ಜಾಗದಲ್ಲಿ 12ರಿಂದ 16 ಗಂಟೆ ಅಲುಗಾಡಿಸದೆ ಬಿಡಿ. ಚಾಕು ಇಳಿಸಿ ಎತ್ತಿದರೆ ಸೀಳು ನಿಚ್ಚಳವಾಗಿ ನಿಲ್ಲಬೇಕು. ಆಗ ಒಂದು ಸೆಂಟಿಮೀಟರ್ ಚೌಕ ಕತ್ತರಿಸಿ, ಕಾಲು ಗಂಟೆ ಬಿಡಿ.

ಕಾಯಿಸುವುದರಲ್ಲೇ ಎಲ್ಲ ಇರುವುದು. 50 ಡಿಗ್ರಿ ಮುಟ್ಟಲು ಮುಕ್ಕಾಲು ಗಂಟೆಯಾದರೂ ಹಿಡಿಯಬೇಕು. ಅವಸರ ಮಾಡಿದರೆ ಹರಳಿನ ಹೊರಗೆ ಸಿಪ್ಪೆ ಕಟ್ಟಿಕೊಂಡು ಒಳಗೆ ನೀರು ಉಳಿದುಬಿಡುತ್ತದೆ. ಮರದ ಸೌಟಿನಿಂದ ಆಗಾಗ ಮೆಲ್ಲಗೆ ಸರಿಸುತ್ತಿರಿ. ಮೊದಲು ಕೈಗೆ ಲೊಳಲೊಳ ಅನ್ನುವ ಹರಳು ಬರಬರುತ್ತಾ ಕುಗ್ಗಿ, ತಳಕ್ಕೆ ಇಳಿದು, ಬೆರಳುಗಳ ನಡುವೆ ಒತ್ತಿದರೆ ರಬ್ಬರಿನ ಹಾಗೆ ಪುಟಿಯುತ್ತದೆ. ಆಗ ತೆಳು ಬಟ್ಟೆಯಲ್ಲಿ ಬಸಿದು, ತಣ್ಣೀರಿನಲ್ಲಿ ಎರಡು ಸಲ ತೊಳೆದು, ಅರ್ಧ ಗಂಟೆ ತೂಗುಹಾಕಿ, ಉಪ್ಪು, ಕೆನೆ ಬೆರೆಸಿ. ತೊಳೆಯದಿದ್ದರೆ ಹುಳಿ ಏರುತ್ತಲೇ ಹೋಗುತ್ತದೆ. ಸಿಗುವುದು ಕಾಲು ಕಿಲೋ ಆಸುಪಾಸು. ಇಷ್ಟೇನಾ ಅನ್ನಿಸಬಹುದು, ಆದರೆ ಅಂದು ಮಾಡಿದ ಹರಳಿನ ಹಾಲಿನ ಘಮ ಯಾವ ಡಬ್ಬಿಯಲ್ಲೂ ಇಲ್ಲ.

ಒಂದೇ ಒಂದು ಬಗೆ ಆರಿಸಿ ಅಂದರೆ ನಿಮ್ಮ ಆಯ್ಕೆ?

ಸಿಪ್ಪೆ ಸಮೇತ ಓವನ್ನಿನಲ್ಲಿ ಸುಟ್ಟ ಆಲೂಗಡ್ಡೆ. 200 ಡಿಗ್ರಿಯಲ್ಲಿ ಒಂದು ಗಂಟೆ, ಸಿಪ್ಪೆ ಕಾಗದದ ಹಾಗೆ ಸರಸರ ಅನ್ನಬೇಕು. ಮೇಲೆ ಅಡ್ಡಲಾಗಿ ಸೀಳಿ, ಎರಡೂ ತುದಿ ಹಿಡಿದು ಒತ್ತಿದರೆ ಒಳಗಿನ ಬಿಳಿ ಹಿಟ್ಟು ಹಬೆಯೊಂದಿಗೆ ಉಬ್ಬಿ ಬರುತ್ತದೆ. ಅದರ ಮೇಲೆ ಫ್ರಿಜ್ಜಿನಿಂದ ಆಗತಾನೇ ತೆಗೆದ ದೊಡ್ಡ ಹರಳಿನ ಕಾಟೇಜ್ ಚೀಸ್ ಅರ್ಧ ಕಪ್, ಹೆಚ್ಚಿದ ಈರುಳ್ಳಿ ಸೊಪ್ಪು, ಮೆಣಸು. ಕೆನೆ ಬಿಸಿಗೆ ಸಡಿಲಾಗಿ ಆಲೂಗಡ್ಡೆಯೊಳಗೆ ಇಳಿಯುತ್ತದೆ, ಹರಳು ಇನ್ನೂ ತಣ್ಣಗೆ ಮೇಲೇ ಉಳಿದಿರುತ್ತದೆ. ಎರಡು ಮೂರು ನಿಮಿಷ ಮಾತ್ರ ಆ ಸ್ಥಿತಿ ಇರುವುದು, ಹಾಗಾಗಿ ಎಲ್ಲರನ್ನೂ ಊಟಕ್ಕೆ ಕೂರಿಸಿದ ಮೇಲೆಯೇ ಡಬ್ಬಿ ತೆರೆಯುತ್ತೇನೆ.